ಬಕೆಟ್ ಗುರುತಿನಲ್ಲಿ ಓಟು ಕೇಳಿದ ಹದಿನಾಲ್ಕು ದಿನ

ಬಕೆಟ್. ನಮಗೆ ಸಿಕ್ಕಿದ ಗುರುತು ಅದು. ಕನ್ನಡದಲ್ಲಿ ಬಕೆಟ್ ಹಿಡಿಯುವುದು ಅಂದರೆ ಏನು ಅಂತ ನಿಮಗೆ ಗೊತ್ತಲ್ಲ. ಯಾರಿಗೂ ಬಕೆಟ್ ಹಿಡಿಯುವವರಲ್ಲ ನಾವು ಅಂತ ವರ್ಷಗಟ್ಟಲೆ ಭಾಷಣ ಮಾಡಿದ ಒಂದು ಪುಟ್ಟ ಸಮಾಜವಾದಿ ಪಕ್ಷ, ಬಕೆಟ್ ಚಿತ್ರದ ಕರಪತ್ರ ಹಿಡಿದು ಮನೆ ಮನೆ ಹತ್ತಿ ಇಳಿದದ್ದನ್ನು ಈಗ ನೆನೆಸಿದರೆ ನಗು ಬರುತ್ತದೆ. ಆಗ ಬರಲಿಲ್ಲ.

2023ರ ವಿಧಾನಸಭಾ ಚುನಾವಣೆಯ ಮಾತು ಇದು. ಮಂಗಳೂರು ಕಡೆಯ ಒಂದು ಕ್ಷೇತ್ರ. ನಾನು ಅಭ್ಯರ್ಥಿ ಅಲ್ಲ, ಅವರ ಚುನಾವಣಾ ಏಜೆಂಟ್. ಅಂದರೆ ಕಾಗದ, ಲೆಕ್ಕ, ಪರ್ಮಿಷನ್, ಬೈಗುಳ ಎಲ್ಲ ನನ್ನ ಪಾಲಿಗೆ. ಅಭ್ಯರ್ಥಿ ರಿಕ್ಷಾ ಓಡಿಸುವವರು, ಒಳ್ಳೆಯ ಮಾತುಗಾರ, ಲೆಕ್ಕ ಅಂದರೆ ಓಡಿಹೋಗುವವರು. ಪಕ್ಷದ ಹೆಸರು ಹೇಳಿದರೂ ನಿಮಗೆ ಗುರುತು ಸಿಗಲಿಕ್ಕಿಲ್ಲ, ಬಿಡಿ. ಮುಂದೆ ಯಾರಾದರೂ ಹೀಗೆ ಕೈಯಲ್ಲಿ ಕಾಸಿಲ್ಲದೆ ಚುನಾವಣೆಗೆ ನಿಲ್ಲುವವರಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ಗುರುತಿನ ಕಥೆ ಮೊದಲು ಹೇಳುತ್ತೇನೆ. ನೋಂದಣಿ ಆಗಿದ್ದರೂ ಮಾನ್ಯತೆ ಇಲ್ಲದ ಪಕ್ಷಕ್ಕೆ ಸ್ವಂತ ಗುರುತು ಇರುವುದಿಲ್ಲ. ರಾಜ್ಯದ 224 ಕ್ಷೇತ್ರಗಳಲ್ಲಿ ಕನಿಷ್ಠ ನೂರಕ್ಕೆ ಐದರಷ್ಟು ಕಡೆ ನಿಲ್ಲುವುದಾದರೆ ಎಲ್ಲ ಕಡೆಗೂ ಒಂದೇ ಗುರುತು ಕೊಡಿ ಅಂತ ಮೊದಲೇ ಕೇಳಬಹುದು. ನಾವು ನಿಂತದ್ದು ಮೂರು ಕಡೆ. ಹಾಗಾಗಿ ನಾಮಪತ್ರದಲ್ಲೇ ಆಯೋಗದ ಪಟ್ಟಿ ನೋಡಿ ಮೂರು ಗುರುತು ಬರೆಯಬೇಕಾಯಿತು. ಮೊದಲನೆಯದು ಆಟೋರಿಕ್ಷಾ, ಅದು ಸಹಜ. ಎರಡನೆಯದು ಹೊಲಿಗೆ ಯಂತ್ರ. ಮೂರನೆಯದಕ್ಕೆ ಏನೂ ತೋಚಲಿಲ್ಲ. ಅಷ್ಟು ಕೆಳಗೆ ಬರಲಿಕ್ಕಿಲ್ಲ ಅಂದುಕೊಂಡು ಸುಮ್ನೆ ಬಕೆಟ್ ಅಂತ ಬರೆದೆವು. ಏಪ್ರಿಲ್ 24ಕ್ಕೆ ನಾಮಪತ್ರ ವಾಪಸು ಪಡೆಯುವ ಗಡುವು ಮುಗಿಯಿತು. ಆಟೋ ಚೀಟಿ ಎತ್ತಿದಾಗ ಬೇರೆಯವರಿಗೆ ಹೋಯಿತು, ಹೊಲಿಗೆ ಯಂತ್ರವೂ ಕೈತಪ್ಪಿತು. ಮೇ 10ಕ್ಕೆ ಮತದಾನ. ಬಹಿರಂಗ ಪ್ರಚಾರ ಮೇ 8ರ ಸಂಜೆ 6ಕ್ಕೇ ಬಂದ್. ಅಂದರೆ ನಮ್ಮ ಗುರುತು ಇದು ಅಂತ ಜನರಿಗೆ ಹೇಳಲು ನಮಗಿದ್ದದ್ದು ಹದಿನಾಲ್ಕೇ ದಿನ. ದೊಡ್ಡ ಪಕ್ಷಗಳ ಗುರುತು ಇಲ್ಲಿ ಅಂಗನವಾಡಿ ಮಕ್ಕಳಿಗೂ ಗೊತ್ತು.

ಅದಕ್ಕೂ ಮೊದಲು ಕಾಗದಪತ್ರ ಇತ್ತಲ್ಲ, ಅದು ಒಂದು ಸಣ್ಣ ಹೆರಿಗೆ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು. ನಮ್ಮಂಥವರಿಗೆ ಹತ್ತು ಮಂದಿ ಬೇಕು, ಎಲ್ಲರೂ ಅದೇ ಕ್ಷೇತ್ರದ ಮತದಾರರಾಗಿರಬೇಕು, ಪ್ರತಿಯೊಬ್ಬರ ಭಾಗ ಸಂಖ್ಯೆ ಕ್ರಮ ಸಂಖ್ಯೆ ಸರಿ ಇರಬೇಕು. ಸೂಚಕರನ್ನು ಬಸ್ಸಲ್ಲಿ ಕರೆದುಕೊಂಡು ಹೋಗಿ ಕೌಂಟರಿನಲ್ಲಿ ಕೂತಾಗ ಒಬ್ಬರ ಹೆಸರು ಪಟ್ಟಿಯ ಬೇರೆ ಭಾಗಕ್ಕೆ ಹೋಗಿರುವುದು ಗೊತ್ತಾಯಿತು. ಮುನ್ನೆಚ್ಚರಿಕೆ ಅಂತ ಹನ್ನೆರಡು ಜನರನ್ನು ಕರೆತಂದಿದ್ದೆ, ಬಚಾವ್. ಪ್ರಮಾಣಪತ್ರದಲ್ಲಿ ಒಂದು ಕಾಲಂ ಕೂಡ ಖಾಲಿ ಬಿಡುವ ಹಾಗಿಲ್ಲ. ವಿಮಾನ, ಹಡಗು ಇದ್ದರೆ ವಿವರ ಕೊಡಿ ಅಂತ ಕೇಳುವ ಕಾಲಮ್ಮಿನಲ್ಲಿ ನಮ್ಮ ರಿಕ್ಷಾ ಡ್ರೈವರು ‘ಇಲ್ಲ’ ಅಂತ ಬರೆಯುವಾಗ ನೋಟರಿಗೇ ನಗು ಬಂತು. ಠೇವಣಿ 10,000 ರೂಪಾಯಿ. ಚುನಾವಣಾ ಖರ್ಚಿಗೆಂದೇ ಬೇರೆ ಬ್ಯಾಂಕ್ ಖಾತೆ, ಅದು ನಾಮಪತ್ರ ಕೊಡುವ ಮೊದಲೇ ತೆರೆದಿರಬೇಕು. ಇದೆಲ್ಲ ಮಾರ್ಚ್‌ನಲ್ಲೇ ಮಾಡಿ ಮುಗಿಸಿ ಮಾರಾಯ್ರೆ, ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಇನ್ನೊಂದು ವಿಷಯಕ್ಕೆ. ನಮ್ಮ ಅಭ್ಯರ್ಥಿಯ ಮೇಲೆ ಒಂದು ಕೇಸ್ ಇತ್ತು, ಸುರತ್ಕಲ್ ಟೋಲ್ ಗೇಟ್ ಹೋರಾಟದ್ದು. 2022ರ ಅಕ್ಟೋಬರಿನಲ್ಲಿ ಗೇಟಿಗೆ ಮುತ್ತಿಗೆ ಹಾಕಿದ ತುಂಬ ಜನರ ಮೇಲೆ ಕೇಸ್ ಬಿದ್ದಿತ್ತು, ಅದರಲ್ಲಿ ಇವರೂ ಒಬ್ಬರು. ಆ ವರ್ಷ ಡಿಸೆಂಬರ್ 1ರಿಂದ ಅಲ್ಲಿ ಟೋಲ್ ವಸೂಲಿಯೇ ನಿಂತಿತು. ಆದರೆ ಕೇಸ್ ಕೇಸೇ ಅಲ್ವಾ? ಕ್ರಿಮಿನಲ್ ಕೇಸ್ ಇರುವವರು ಅದನ್ನು ಪತ್ರಿಕೆಯಲ್ಲಿ, ಟಿವಿಯಲ್ಲಿ ಮೂರು ಸಲ ತಾವೇ ದುಡ್ಡು ಕೊಟ್ಟು ಪ್ರಕಟಿಸಬೇಕು. ನಿಯಮ ಒಳ್ಳೆಯದೇ, ನಾನೂ ಅದರ ಪರ. ಆದರೆ ಕೋಟಿ ಇರುವವರಿಗೆ ಅದು ಚಿಲ್ಲರೆ ಖರ್ಚು, ನಮಗೆ ಎಲ್ಲ ಕರಪತ್ರ ಅಚ್ಚು ಹಾಕಿಸಿದ್ದಕ್ಕಿಂತ ಜಾಸ್ತಿ. ನಮ್ಮ ಅಭ್ಯರ್ಥಿಯ ಹೆಸರು ಪೇಪರಿನಲ್ಲಿ ಬಂದದ್ದು ಆ ಜಾಹೀರಾತಿನಲ್ಲಿ ಮಾತ್ರ.

ಇನ್ನು ಪ್ರಚಾರ. ಘಟ್ಟದ ಮೇಲಿನ ನಮ್ಮ ಗೆಳೆಯರು ‘ದಿನಕ್ಕೆ ಎರಡು ಹಳ್ಳಿ ಮುಗಿಸಿ’ ಅಂತ ಫೋನಿನಲ್ಲಿ ಹೇಳುತ್ತಿದ್ದರು. ಅವರಿಗೆ ಊರು ಅಂದರೆ ಸಾಲು ಮನೆ, ಮಧ್ಯದಲ್ಲಿ ಒಂದು ಕಟ್ಟೆ. ಇಲ್ಲಿ ಒಂದು ಮನೆ ಗುಡ್ಡದ ಮೇಲೆ, ಇನ್ನೊಂದು ತೋಟದ ಆಚೆ, ನಡುವೆ ತೋಡು ದಾಟುವ ಒಂದು ಸಂಕ, ಎರಡು ನಾಯಿ. ಏಪ್ರಿಲ್ ಕೊನೆಯ ಸೆಕೆ ಬೇರೆ. ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 8 ನಡೆದರೂ ನಮ್ಮ ಐದು ಜನರ ತಂಡಕ್ಕೆ ಐವತ್ತು ಮನೆ ದಾಟುತ್ತಿರಲಿಲ್ಲ. ಅದರಲ್ಲೂ ಅರ್ಧ ಮನೆಯವರು ಮದುವೆಗೋ ಭೂತದ ನೇಮಕ್ಕೋ ಹೋಗಿರುತ್ತಿದ್ದರು. ಕ್ಷೇತ್ರದಲ್ಲಿ ಇನ್ನೂರಕ್ಕೂ ಜಾಸ್ತಿ ಬೂತು. ಲೆಕ್ಕ ಹಾಕಿದ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಭಾಷೆಯ ವಿಷಯದಲ್ಲೂ ಪಾಠ ಕಲಿತೆವು. ಕರಪತ್ರ ಕನ್ನಡದಲ್ಲಿ, ಮಾತು ತುಳುವಿನಲ್ಲಿ. ಇಗರ್ಜಿ ಹತ್ತಿರದ ಮನೆಗಳಲ್ಲಿ ಕೊಂಕಣಿ, ಇನ್ನು ಕೆಲವು ಕಡೆ ಬ್ಯಾರಿ. ಮೊದಲ ಕರಪತ್ರದಲ್ಲಿ ‘ಬಂಡವಾಳಶಾಹಿ’, ‘ಉತ್ಪಾದನಾ ಸಂಬಂಧ’ ಎಲ್ಲ ಇತ್ತು. ಒಂದು ಮನೆಯ ಅಜ್ಜ ಕನ್ನಡಕ ಹಾಕಿ ಪೂರ್ತಿ ಓದಿದರು, ಮಡಚಿದರು, ‘ಲಾಯ್ಕ ಉಂಟು, ಯಾವ ಕಾಲೇಜಿನದ್ದು?’ ಅಂತ ಕೇಳಿದರು. ಎರಡನೇ ಕರಪತ್ರದಲ್ಲಿ ನಾಲ್ಕೇ ಸಾಲು ಇತ್ತು.

ಅದೇ ಅಜ್ಜನ ಜಾಗ ಡಿಕ್ಲರೇಶನ್‌ನಲ್ಲಿ ಬಂದದ್ದು. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಬಂದ ಮೇಲೆ ಅವರ ಅಪ್ಪ ಅರ್ಜಿ ಹಾಕಿ, ಟ್ರಿಬ್ಯೂನಲ್‌ಗೆ ಅಲೆದು, ಗೇಣಿ ಒಕ್ಕಲಿನ ಜಾಗ ಸ್ವಂತ ಮಾಡಿಕೊಂಡವರು. ಈ ಕರಾವಳಿಯಲ್ಲಿ ಅಂಥ ಮನೆ ಎಷ್ಟಿಲ್ಲ! ನಾನು ಖುಷಿಯಲ್ಲಿ ‘ನೋಡಿ, ಉಳುವವನೇ ಹೊಲದೊಡೆಯ ಅಂತ ಸಮಾಜವಾದಿಗಳು ಹೋರಾಡಿದ್ದು ಇದಕ್ಕೇ’ ಅಂದೆ. ಅಜ್ಜ ಶಾಂತವಾಗಿ ‘ಅದು ಇಂದಿರಮ್ಮ ಕೊಟ್ಟದ್ದು’ ಅಂದರು. ಒಳಗಿನಿಂದ ಮೊಮ್ಮಗ ‘ನಮ್ಮ ಓಟು ಬೇರೆ ಕಡೆಗೆ ಅಂತ ಹೇಳಿ ಅಜ್ಜ, ಅವರು ಸುಮ್ನೆ ಬಿಸಿಲಲ್ಲಿ ನಿಲ್ಲುವುದು ಬೇಡ’ ಅಂದ. ಇಡೀ ಪ್ರಚಾರದಲ್ಲಿ ಮುಖಕ್ಕೆ ನೇರ ಸತ್ಯ ಹೇಳಿದವನು ಅವನೊಬ್ಬ.

ಯಾಕೆಂದರೆ ನಮ್ಮ ಜನ ಮನೆಗೆ ಬಂದವರಿಗೆ ಇಲ್ಲ ಅನ್ನುವುದಿಲ್ಲ. ‘ಬಲೆ, ಕುಳ್ಳುಲೆ’ (ಬನ್ನಿ, ಕೂತುಕೊಳ್ಳಿ) ಅಂತಾರೆ, ನೀರು ಬೆಲ್ಲ ಕೊಡುತ್ತಾರೆ, ಎಲ್ಲ ಕೇಳಿಸಿಕೊಂಡು ಕೊನೆಗೆ ‘ಆವು’ ಅಂತಾರೆ. ತುಳುವಿನ ಈ ‘ಆವು’ ಬಹಳ ಅಪಾಯದ ಶಬ್ದ. ಆಗಲಿ, ಆಗಬಹುದು, ಆಯ್ತು ಹೋಗಿ ಬನ್ನಿ, ಎಲ್ಲವೂ ಅದರೊಳಗೆ ಉಂಟು. ನಾನು ನೋಟ್‌ಬುಕ್ಕಿನಲ್ಲಿ ಪ್ರತಿ ‘ಆವು’ಗೆ ಒಂದು ಟಿಕ್ ಹಾಕುತ್ತಿದ್ದೆ. ಮೊದಲ ವಾರ ಮುಗಿಯುವಾಗ ಟಿಕ್ ನೋಡಿದರೆ ನಾವು ಠೇವಣಿ ಉಳಿಸಿಕೊಳ್ಳುವ ಹಾಗೆ ಕಾಣುತ್ತಿತ್ತು.

ಧಕ್ಕೆಗೂ, ಅಂದರೆ ಮೀನುಗಾರಿಕೆ ಬಂದರಿಗೂ ಹೋದೆವು. ಬೆಳಗಿನ ಜಾವ ಮೀನು ಇಳಿಸುವ ಹೊತ್ತಿಗೆ ಅಲ್ಲ, ಬಲೆ ರಿಪೇರಿ ಮಾಡುತ್ತಾ ಕೂತಿರುವ ಹೊತ್ತಿಗೆ. ನಮ್ಮ ಅಭ್ಯರ್ಥಿ ಹರಕು ಹಿಂದಿಯಲ್ಲಿ ಕೂಲಿ, ವಿಮೆ, ಬೋಟಿನಲ್ಲಿ ಸತ್ತರೆ ಪರಿಹಾರ ಅಂತ ಮಾತಾಡಿದರು. ಇಡೀ ಹದಿನಾಲ್ಕು ದಿನದಲ್ಲಿ ಅಷ್ಟು ಗಮನ ಕೊಟ್ಟು ಕೇಳಿದವರು ಬೇರೆ ಇಲ್ಲ. ಚಪ್ಪಾಳೆಯೂ ಬಿತ್ತು. ಆದರೆ ಕೇಳಿದವರು ಒಡಿಶಾದವರು, ಜಾರ್ಖಂಡ್‌ನವರು, ಆಂಧ್ರದವರು. ಅವರ ಓಟು ಇಲ್ಲಿ ಇಲ್ಲ. ನಮ್ಮ ಮಾತು ಯಾರಿಗೆ ತಾಗುತ್ತದೋ ಅವರು ಇಲ್ಲಿನ ಪಟ್ಟಿಯಲ್ಲೇ ಇಲ್ಲ. ಗೊತ್ತಿದ್ದೂ ಹೋದೆವು, ಅದಕ್ಕೆ ನನಗೆ ಬೇಸರ ಇಲ್ಲ. ಒಂದು ಸಂಜೆ ಹಾಳಾಯಿತು ಅಂತ ತಂಡದಲ್ಲಿ ಜಗಳ ಆಯಿತು ಅಷ್ಟೆ.

ನಮಗೆ ನಿಜವಾಗಿ ಕಾಲೂರಲು ಜಾಗ ಇದ್ದದ್ದು ಬೀಡಿ ಕಟ್ಟುವವರ ನಡುವೆ. ಆ ಒಂದು ಬೂತಿನ ಸುತ್ತ ನಾವು ಐದಾರು ವರ್ಷದಿಂದ ಪಿಎಫ್, ಪಿಂಚಣಿ ಕೆಲಸ ಮಾಡಿಕೊಡುತ್ತಿದ್ದೆವು. ಪಿಂಚಣಿ ಅಂದರೆ ದೊಡ್ಡದೇನಲ್ಲ. 2014ರಲ್ಲಿ ಕನಿಷ್ಠ ತಿಂಗಳಿಗೆ 1,000 ರೂಪಾಯಿ ಅಂತ ಮಾಡಿದರು, ಅಲ್ಲೇ ನಿಂತಿತ್ತು. ಅದಕ್ಕೂ ವರ್ಷಕ್ಕೊಮ್ಮೆ ಬದುಕಿದ್ದೇವೆ ಅಂತ ಬೆರಳು ಒತ್ತಬೇಕು. ನಲವತ್ತು ವರ್ಷ ಎಲೆ ಸುರುಟಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿದಿರುತ್ತದೆ? ಮೆಷಿನ್ ಕೆಂಪು ಲೈಟ್ ತೋರಿಸುತ್ತದೆ. ಅಲ್ಲಿನ ಒಬ್ಬರು ಅಕ್ಕ, ಹೆಸರು ಬೇಡ, ಬಿಸಿನೀರಲ್ಲಿ ಕೈ ತೊಳೆದು, ಸೆರಗಿಗೆ ಒರೆಸಿ, ಹೆಬ್ಬೆರಳು, ತೋರುಬೆರಳು, ಉಂಗುರದ ಬೆರಳು ಅಂತ ಒಂದೊಂದೇ ಇಟ್ಟು ನೋಡುತ್ತಿದ್ದರು. ಹತ್ತನೆಯದು, ಎಡಗೈಯ ಕಿರುಬೆರಳು, ಹಸಿರು ಆಯಿತು. ಆ ದಿನ ಅವರು ನನ್ನ ತಲೆ ಸವರಿದ್ದರು.

ಅವರ ಮನೆಗೆ ಪ್ರಚಾರಕ್ಕೆ ಹೋದಾಗ ಅಂಗಳದಲ್ಲಿ ನಾಲ್ಕು ಹೆಂಗಸರು ಬೀಡಿ ಕಟ್ಟುತ್ತಾ ಕೂತಿದ್ದರು. ನಾನು ಕರಪತ್ರ ಕೊಟ್ಟು ‘ಈ ಸಲ ಬಕೆಟಿಗೆ’ ಅಂದೆ. ಅಕ್ಕ ಕೈ ನಿಲ್ಲಿಸದೆಯೇ, ‘ನಿಮಗೆ ಕೊಟ್ಟರೆ ಓಟು ವೇಸ್ಟ್ ಆಪುಂಡತ್ತಾ?’ ಅಂದರು, ವೇಸ್ಟ್ ಆಗುತ್ತದಲ್ವಾ ಅಂತ. ಕೆಲಸಕ್ಕೆ ನಿಮ್ಮ ಹತ್ತಿರ ಬರುತ್ತೇವೆ, ಅದು ಬೇರೆ. ಓಟು ಅಂದರೆ ಗೆಲ್ಲುವವರಿಗೆ ಹಾಕಬೇಕು, ಇಲ್ಲದಿದ್ದರೆ ನಾಳೆ ರಸ್ತೆ ಕೇಳಲಿಕ್ಕೆ ಮುಖ ಇರುವುದಿಲ್ಲ. ಇಷ್ಟನ್ನು ಅವರು ಸಿಟ್ಟಿಲ್ಲದೆ, ಮಗನಿಗೆ ಬುದ್ಧಿ ಹೇಳುವ ಹಾಗೆ ಹೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಗೆಲ್ಲುವ ಪ್ರಶ್ನೆ ಅಲ್ಲ, ಒಂದು ದನಿ ಬೇಕು ಅಂತ ಏನೋ ತೊದಲಿದೆ. ಪಕ್ಕದ ಹೆಂಗಸು ‘ಬಕೆಟ್ ಕೊಟ್ಟಿರಿ, ನೀರು ಯಾರು ಕೊಡುವುದು?’ ಅಂದಳು. ಎಲ್ಲರೂ ನಕ್ಕರು. ಬಾವಿಗಳೆಲ್ಲ ತಳ ಕಂಡಿದ್ದ ಕಾಲ ಅದು. ನಾನೂ ನಕ್ಕೆ. ಆಮೇಲೆ ಅಲ್ಲೇ ಕೂತು ಒಂದು ಗಂಟೆ ಮಾತಾಡಿದೆ, ಓಟಿನ ವಿಷಯ ಬಿಟ್ಟು.

ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ವಿಧಾನಸಭೆಗೆ ಅಭ್ಯರ್ಥಿಯ ಖರ್ಚಿನ ಮಿತಿ 40 ಲಕ್ಷ, ನಮ್ಮದು ಎರಡು ಲಕ್ಷ ಮುಟ್ಟಲಿಲ್ಲ. ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಕಾಲದ ‘ಒಂದು ಓಟು, ಒಂದು ನೋಟು’ (ಓಟಿನ ಜೊತೆ ಖರ್ಚಿಗೂ ಜನರನ್ನೇ ಕೇಳುವುದು) ನೆನಪಾಗಿ, ಬಂದದ್ದು ಬರಲಿ ಅಂತ ಗುರುತನ್ನೇ ಉಪಯೋಗಿಸಿದೆವು. ಬೀದಿ ಸಭೆಯಲ್ಲಿ ಒಂದು ನೀಲಿ ಪ್ಲಾಸ್ಟಿಕ್ ಬಕೆಟ್ ಇಡುತ್ತಿದ್ದೆವು. ಹತ್ತು, ಇಪ್ಪತ್ತು, ನೂರು ಬೀಳುತ್ತಿತ್ತು. ರಾತ್ರಿ ಎಣಿಸಿ ಮರುದಿನ ಖಾತೆಗೆ ಕಟ್ಟುತ್ತಿದ್ದೆ. ಖರ್ಚಿನ ಪುಸ್ತಕ ಪ್ರಚಾರದ ನಡುವೆ ಮೂರು ಸಲ ಚುನಾವಣಾ ಅಧಿಕಾರಿಗಳಿಗೆ ತೋರಿಸಬೇಕು. ಕುರ್ಚಿಗೆ ಎಷ್ಟು, ಚಾಕ್ಕೆ ಎಷ್ಟು ಅಂತ ಅವರದ್ದೇ ದರಪಟ್ಟಿ ಉಂಟು. ನಮ್ಮ ಪುಸ್ತಕ ನೋಡಿದವರು ‘ಕಾರ್ಯಕರ್ತರ ಊಟದ ಖರ್ಚು ಎಲ್ಲಿ?’ ಅಂತ ಕೇಳಿದರು. ಮನೆಯಿಂದ ಬುತ್ತಿ ತರುತ್ತಾರೆ ಅಂದರೆ ನಂಬಲಿಲ್ಲ. ಚೀಲ ತೆರೆದು ಡಬ್ಬಿ ತೋರಿಸಬೇಕಾಯಿತು.

ಒಂದು ಸಭೆಯ ಕೊನೆಗೆ ಒಬ್ಬರು ಹಿರಿಯರು ಬಂದು ‘ಇದು ಜಾರ್ಜ್ ಫೆರ್ನಾಂಡಿಸ್ ಹುಟ್ಟಿದ ಊರು, ಧೈರ್ಯ ಬಿಡಬೇಡಿ’ ಅಂದರು. ನಿಜ. ಆ ಸಮಾಜವಾದಿ ನಾಯಕ 1967ರಲ್ಲಿ ಬೊಂಬಾಯಿಯಲ್ಲಿ ಕಾಂಗ್ರೆಸ್ಸಿನ ದೊಡ್ಡ ತಲೆ ಎಸ್.ಕೆ. ಪಾಟೀಲರನ್ನು ಸೋಲಿಸಿದವರು, 1977ರಲ್ಲಿ ಜೈಲಿನಿಂದಲೇ ಮುಜಫ್ಫರಪುರ ಗೆದ್ದವರು. ಆದರೆ ಹುಟ್ಟಿದ ಊರಿನಿಂದ ಲೋಕಸಭೆಗೆ ಹೋಗಲೇ ಇಲ್ಲ, 1984ರಲ್ಲಿ ಬೆಂಗಳೂರು ಉತ್ತರದಲ್ಲಿ ನಿಂತು ಸೋತರು. ಇದನ್ನು ಆ ಹಿರಿಯರಿಗೆ ಹೇಳಲಿಲ್ಲ. ಅವರು ಬಕೆಟಿಗೆ 500 ರೂಪಾಯಿ ಹಾಕಿದ್ದರು.

ಮತದಾನದ ದಿನ ಇನ್ನೂರು ಚಿಲ್ಲರೆ ಬೂತಿನಲ್ಲಿ ನಮ್ಮ ಏಜೆಂಟರು ಕೂತದ್ದು ಹನ್ನೊಂದು ಕಡೆ. ಬೆಳಿಗ್ಗೆ ಐದೂವರೆಗೆ ಅಣಕು ಮತದಾನಕ್ಕೆ ಹೋಗಬೇಕು, ಸಂಜೆ ಮೆಷಿನ್ ಸೀಲ್ ಆಗುವವರೆಗೆ ಏಳುವ ಹಾಗಿಲ್ಲ. ದೊಡ್ಡ ಪಕ್ಷದ ಏಜೆಂಟರಿಗೆ ಹೊತ್ತು ಹೊತ್ತಿಗೆ ಊಟ, ಮಜ್ಜಿಗೆ ಬರುತ್ತಿತ್ತು. ಒಂದು ಬೂತಿನಲ್ಲಿ ಎದುರಾಳಿ ಪಕ್ಷದ ಹುಡುಗ ತನ್ನ ಬಿರಿಯಾನಿಯಲ್ಲಿ ಅರ್ಧ ನಮ್ಮವನಿಗೆ ಕೊಟ್ಟನಂತೆ. ಅದನ್ನು ಖರ್ಚಿನ ಪುಸ್ತಕದಲ್ಲಿ ಬರೆಯಬೇಕಾ ಅಂತ ನಮ್ಮವನು ಫೋನ್ ಮಾಡಿ ಕೇಳಿದ.

ಮೇ 13, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಣಿಕೆ. ಮೂರನೇ ಸುತ್ತಿಗೆ ಎಲ್ಲ ಗೊತ್ತಾಗಿತ್ತು. ಒಟ್ಟು ನಾನೂರು ಚಿಲ್ಲರೆ. ಠೇವಣಿ ಉಳಿಯಲು ಚಲಾವಣೆಯಾದ ಸಿಂಧು ಮತದ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬೇಕು, ಆ ಮಾತೇ ಬೇಡ. ನೋಟಾಕ್ಕೂ ನಮಗಿಂತ ಜಾಸ್ತಿ ಬಂತು. ಬಕೆಟಿಗೆ ನೋಟು ಹಾಕಿದವರೇ ನಮಗೆ ಬಂದ ಓಟಿಗಿಂತ ಜಾಸ್ತಿ ಇದ್ದರು, ಇದು ನನ್ನ ಖಚಿತ ಲೆಕ್ಕ.

ಬೂತುವಾರು ಲೆಕ್ಕ ಕೈಗೆ ಸಿಕ್ಕಿದ ಮೇಲೆ ನೋಟ್‌ಬುಕ್ ತೆಗೆದು ಪಕ್ಕದಲ್ಲಿಟ್ಟೆ. ದಯವಿಟ್ಟು ಇದೊಂದನ್ನು ಎಲ್ಲರೂ ಮಾಡಿ, ಸೋಲಿನ ಬೇಸರದಲ್ಲಿ ಬಿಟ್ಟುಬಿಡಬೇಡಿ. ಒಂದು ಬೂತಿನಲ್ಲಿ 61 ಮನೆಯವರು ‘ಆವು’ ಅಂದಿದ್ದರು, ಬಂದ ಓಟು 4. ಟೋಲ್ ಗೇಟಿನ ಹತ್ತಿರದ ಬೂತಿನಲ್ಲಿ ಕೈಕುಲುಕದವರೇ ಇಲ್ಲ, ಅಲ್ಲಿ 7. ‘ವೇಸ್ಟ್ ಆಪುಂಡತ್ತಾ’ ಅಂದ ಅಕ್ಕನ ಬೂತಿನಲ್ಲಿ 58. ಜಗಳ ಮಾಡಿದ, ತಮಾಷೆ ಮಾಡಿದ, ಪ್ರಶ್ನೆ ಕೇಳಿದ ಜಾಗದಲ್ಲೇ ಓಟು ಬಂದಿತ್ತು. ನಾವು ಬಿಸಿಲಲ್ಲಿ ಗುಡ್ಡ ಹತ್ತಿ ‘ಆವು’ ಸಂಗ್ರಹಿಸುತ್ತಾ ಕೂತಿದ್ದೆವು.

ಜೂನ್‌ನಲ್ಲಿ, ಫಲಿತಾಂಶದ 30 ದಿನದೊಳಗೆ, ಲೆಕ್ಕ ಕೊಟ್ಟು ಬಂದೆ. ಕೊಡದಿದ್ದರೆ ಮೂರು ವರ್ಷ ಅಭ್ಯರ್ಥಿ ಎಲ್ಲೂ ನಿಲ್ಲುವ ಹಾಗಿಲ್ಲ ಅಂತ ಆದೇಶ ಬರಬಹುದು, ಅದನ್ನು ಮರೆಯಬೇಡಿ.

ಆಮೇಲೆ ಎರಡು ತೀರ್ಮಾನ ಮಾಡಿದೆವು. ಮುಂದಿನ ಸಲ ಗ್ರಾಮ ಪಂಚಾಯತ್ ಚುನಾವಣೆ, ಅಲ್ಲಿ ಪಕ್ಷದ ಗುರುತೇ ಇಲ್ಲ, ಎಲ್ಲರಿಗೂ ಸಮ. ಮತ್ತು ಒಂದೇ ವಾರ್ಡು, ಆ ಬೀಡಿ ಅಕ್ಕನದ್ದು. ನೀವೇ ನಿಲ್ಲಿ ಅಂತ ಕೇಳಲು ಹೋದೆವು. ಅವರು ತುಂಬ ಹೊತ್ತು ಸುಮ್ಮನಿದ್ದರು. ‘ಆವು’ ಅನ್ನಲಿಲ್ಲ. ಖರ್ಚು ಎಷ್ಟಾಗುತ್ತದೆ, ಬೀಡಿ ಕೊಡುವ ಹೊತ್ತಿಗೆ ಮೀಟಿಂಗ್ ಇಟ್ಟರೆ ಏನು ಮಾಡುವುದು, ಸೋತರೆ ಪಿಂಚಣಿ ಕೆಲಸ ನಿಲ್ಲಿಸುತ್ತೀರಾ ಅಂತ ಮೂರು ಪ್ರಶ್ನೆ ಕೇಳಿದರು. ವಾರ್ಡಿನ ಓಟರ್ ಲಿಸ್ಟ್ ಪ್ರಿಂಟ್ ತೆಗೆದು ಅವರ ಮನೆಯಲ್ಲೇ ಇಟ್ಟು ಬಂದಿದ್ದೇವೆ.