ಕೀಲುವಾತ, ಯುಡಿಐಡಿ ಕಾರ್ಡ್, ಪಾರ್ಕಿಂಗ್ ಜಾಗ: ತುಮಕೂರಿನಲ್ಲಿ ಮಾಡಿಸಿಕೊಂಡ ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಹೊರದೇಶಗಳಲ್ಲಿ ಕಾರಿನ ಗಾಜಿನ ಹಿಂದೆ ಇಡುವ ನೀಲಿ ಚೀಟಿ ಇರುತ್ತಲ್ಲ, ದೇಶದ ತುಂಬ ನಡೆಯುವ ಅಂಥದ್ದೊಂದು ಪಾರ್ಕಿಂಗ್ ಪರ್ಮಿಟ್ ನಮ್ಮಲ್ಲಿ ಇಲ್ಲ. ಅದನ್ನು ಹುಡುಕಿಕೊಂಡು ಆರ್‌ಟಿಒ ಮೆಟ್ಟಿಲು ಹತ್ತುವುದು ಕಾಲಿಗೆ ಮಾಡುವ ಅನ್ಯಾಯ. ಗಾಲಿಕುರ್ಚಿ ಗುರುತಿನ ಜಾಗದಲ್ಲಿ ಗಾಡಿ ನಿಲ್ಲಿಸಿದಾಗ ತೋರಿಸಬೇಕಾದದ್ದು ಯುಡಿಐಡಿ ಕಾರ್ಡ್, ಅಂದರೆ ಕೇಂದ್ರ ಸರ್ಕಾರ ಅಂಗವಿಕಲರಿಗೆ ಕೊಡುವ ಗುರುತಿನ ಚೀಟಿ. ದೀರ್ಘಕಾಲದ ಕಾಯಿಲೆ ಇರುವವರು ಅದನ್ನು ಪಡೆಯುವುದೇ ಈ ಕೆಲಸದ ಮುಕ್ಕಾಲು ಪಾಲು.

ಕಾಯಿಲೆಯವರು ಎಡವುವುದು ಒಂದೇ ಕಡೆ. ವೈಕಲ್ಯ ಶೇಕಡಾ ಎಷ್ಟು ಎಂದು ಅಳೆದು ಕಾರ್ಡಿಗೆ ಬೇಕಾದ ಪ್ರಮಾಣಪತ್ರ ಕೊಡುವ ವೈದ್ಯಕೀಯ ಮಂಡಳಿ ಕಾಯಿಲೆಯ ಹೆಸರಿಗೆ ಅಂಕ ಹಾಕುವುದಿಲ್ಲ, ಆ ಕಾಯಿಲೆಯಿಂದ ಯಾವ ಅಂಗ ಎಷ್ಟು ಕೆಲಸ ನಿಲ್ಲಿಸಿದೆ ಎಂಬುದಕ್ಕೆ ಹಾಕುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ 21 ಬಗೆ ಇವೆ. ಪಾರ್ಕಿನ್‌ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್, ಹಿಮೋಫಿಲಿಯಾ, ತಲಸ್ಸೇಮಿಯಾ, ಸಿಕಲ್ ಸೆಲ್, ಮಸ್ಕ್ಯುಲರ್ ಡಿಸ್ಟ್ರೋಫಿ ಅದರಲ್ಲಿ ಹೆಸರು ಹಿಡಿದೇ ಇವೆ. ರುಮಟಾಯ್ಡ್ ಸಂಧಿವಾತ ಎಂಬ ಕೀಲುವಾತ ಇಲ್ಲ, ಬೆನ್ನುಮೂಳೆ ಬಿಗಿಯುವ ಸ್ಪಾಂಡಿಲೈಟಿಸ್ ಇಲ್ಲ, ಕಿಡ್ನಿ ಕಾಯಿಲೆ, ಹೃದ್ರೋಗ, ಆಸ್ತಮಾ ಕೂಡ ಇಲ್ಲ. ಕೀಲುವಾತದವರು ಅರ್ಜಿಯಲ್ಲಿ ‘ಚಲನವಲನ ವೈಕಲ್ಯ’ ಎಂಬ ಬಾಗಿಲಿನಿಂದಲೇ ಒಳಗೆ ಹೋಗಬೇಕು. ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವವರಿಗೆ ಬರೀ ಆ ಕಾರಣಕ್ಕೆ ಕಾರ್ಡ್ ಸಿಗುವುದಿಲ್ಲ. ಬಾಗಿಲ ಹತ್ತಿರದ ಜಾಗ ಅವರಿಗೂ ಬೇಕು, ಆದರೆ ಪಟ್ಟಿ ಹಾಗಿದೆ.

ಅರ್ಜಿ ಹಾಕುವುದು ಸ್ವಾವಲಂಬನ್ ಪೋರ್ಟಲ್‌ನಲ್ಲಿ, ಶುಲ್ಕವಿಲ್ಲ. ಸೈಬರ್ ಸೆಂಟರಿನಲ್ಲಿ ಹಾಕಿಸಿದರೆ ಅವರ ಟೈಪಿಂಗ್ ಕೂಲಿ ಮಾತ್ರ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ತಾಲ್ಲೂಕು ಮಟ್ಟದಲ್ಲಿ ಇರುವ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಎಂಆರ್‌ಡಬ್ಲ್ಯೂ ಅಂತಲೇ ಎಲ್ಲರೂ ಕರೆಯುತ್ತಾರೆ. ಮಂಡಳಿ ಯಾವ ವಾರ ಕೂರುತ್ತದೆ ಎನ್ನುವುದು ಇವರಿಗೆ ಗೊತ್ತಿರುತ್ತದೆ.

ಬೇಕಾಗುವುದು ಆಧಾರ್, ವಿಳಾಸದ ದಾಖಲೆ, ಆರು ತಿಂಗಳೊಳಗಿನ ಫೋಟೊ, ಸಹಿ, ಕೈಯಲ್ಲಿರುವ ಮೊಬೈಲ್ ನಂಬರು. ಫೋನಿನಲ್ಲಿ ತೆಗೆದ ಮೂರು ನಾಲ್ಕು ಎಂಬಿಯ ಚಿತ್ರವನ್ನು ಪೋರ್ಟಲ್ ನುಂಗುವುದಿಲ್ಲ, ಪ್ರತಿ ಖಾನೆಯ ಪಕ್ಕ ಬರೆದಿರುವ ಕೆಬಿ ಮಿತಿಗೆ ಇಳಿಸಿಕೊಂಡೇ ಕೂರಿ. ಅರ್ಜಿ ತಿರುಗಿ ಬರುವುದಕ್ಕೆ ಹೆಚ್ಚಾಗಿ ಕಾರಣ ಹೆಸರು. ಆಧಾರ್‌ನಲ್ಲಿ ಲಕ್ಷ್ಮೀದೇವಮ್ಮ, ಆಸ್ಪತ್ರೆ ಚೀಟಿಯಲ್ಲಿ ಲಕ್ಷ್ಮಮ್ಮ ಅಂತಿದ್ದರೆ ಮೊದಲು ಆಸ್ಪತ್ರೆಯ ದಾಖಲೆಯನ್ನು ಸರಿ ಮಾಡಿಸಿ. ಎರಡನೆಯದು ವಿಳಾಸ. ವಾಸ ತುಮಕೂರಿನಲ್ಲಿ, ಆಧಾರ್ ಗೌರಿಬಿದನೂರಿನದು ಎಂದರೆ ನಿಮ್ಮ ಅರ್ಜಿ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರುತ್ತದೆ. ವಾಸದ ಜಿಲ್ಲೆ ಬಿಟ್ಟರೆ, ಈ ತೊಂದರೆಗೆ ಚಿಕಿತ್ಸೆ ಪಡೆದ ಸರ್ಕಾರಿ ಆಸ್ಪತ್ರೆಯಲ್ಲೂ ಪ್ರಮಾಣಪತ್ರ ಕೇಳಲು ನಿಯಮದಲ್ಲಿ ಅವಕಾಶ ಇದೆ. ಬೆಂಗಳೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುತ್ತಿರುವವರಿಗೆ ಇದು ಅನುಕೂಲ. ಖಾಸಗಿ ಆಸ್ಪತ್ರೆಯ ಚೀಟಿ ಪುರಾವೆಯಾಗುತ್ತದೆ, ಪ್ರಮಾಣಪತ್ರ ಆಗುವುದಿಲ್ಲ.

ಈಗ ಮಂಡಳಿಯ ದಿನ. ಹೆಚ್ಚು ತಯಾರಿ ಬೇಕಾದದ್ದು ಇದಕ್ಕೇ.

ಕೀಲುವಾತದವರು ಆರ್‌ಎ ಫ್ಯಾಕ್ಟರ್, ಆಂಟಿ ಸಿಸಿಪಿ, ಇಎಸ್‌ಆರ್ ರಕ್ತಪರೀಕ್ಷೆ ವರದಿಗಳ ದಪ್ಪ ಫೈಲು ಹೊತ್ತುಕೊಂಡು ಹೋಗುತ್ತಾರೆ. ಅವು ಕಾಯಿಲೆ ಇದೆ ಎಂದು ಹೇಳುತ್ತವೆ, ಶೇಕಡಾವಾರು ಹೇಳುವುದಿಲ್ಲ. ಶೇಕಡಾ ಬರುವುದು ಕೀಲು ಎಷ್ಟು ಡಿಗ್ರಿ ಬಾಗುತ್ತದೆ ಎಂದು ಗೋನಿಯೋಮೀಟರ್ ಎಂಬ ಕೋನಮಾಪಕ ಹಿಡಿದು ಅಳೆದಾಗ, ಸ್ನಾಯುವಿನ ಬಲವನ್ನು 0ಯಿಂದ 5ರವರೆಗೆ ನೋಡಿದಾಗ. ಕಾಲಿನ ಲೆಕ್ಕದಲ್ಲಿ ಎರಡು ಭಾಗ: ಚಲನೆ ಒಂದು, ಸ್ಥಿರತೆ ಇನ್ನೊಂದು. ಸ್ಥಿರತೆಗೆ ಒಂಬತ್ತು ಕೆಲಸ ಮಾಡಿಸಿ ನೋಡುತ್ತಾರೆ. ಸಮ ನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡೂ ಕಾಲ ಮೇಲೆ ನಿಲ್ಲುವುದು, ತೊಂದರೆ ಇರುವ ಕಾಲೊಂದರ ಮೇಲೆ ನಿಲ್ಲುವುದು, ಕುಕ್ಕರಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಒಂದೊಂದಕ್ಕೆ ಹತ್ತರಂತೆ ತೊಂಬತ್ತು. ನೋವು, ಕೀಲು ಸೊಟ್ಟಗಾಗಿರುವುದು, ಸ್ಪರ್ಶ ಕಡಿಮೆಯಾಗಿರುವುದು ಇಂಥವಕ್ಕೆ ಮೇಲೆ ಸೇರುವುದು ಹೆಚ್ಚೆಂದರೆ 10. ‘ತುಂಬಾ ನೋವು ಡಾಕ್ಟ್ರೇ’ ಎನ್ನುವುದರ ತೂಕ ಅಷ್ಟೇ.

ಹಾಗಾಗಿ ಮೇಲ್ಗಡೆ ಇಡಬೇಕಾದದ್ದು ನಿಂತು ತೆಗೆಸಿದ ಮಂಡಿ ಎಕ್ಸ್‌ರೇ, ಎರಡೂ ಕೈ, ಎರಡೂ ಪಾದದ ಎಕ್ಸ್‌ರೇ, ಮೂಳೆ ಅಥವಾ ಸಂಧಿವಾತ ತಜ್ಞರು ಬರೆದ ಒಂದು ಪುಟದ ಸಾರಾಂಶ. ಆ ಸಾರಾಂಶದಲ್ಲಿ ಮೂರು ಸಂಗತಿ ಇರಲೇಬೇಕು: ಕಾಯಿಲೆ ಶುರುವಾದ ವರ್ಷ, ಈವರೆಗೆ ಕೊಟ್ಟ ಔಷಧ, ಯಾವ ಕೀಲು ಎಷ್ಟು ಡಿಗ್ರಿ ಬಾಗುತ್ತದೆ. ಮೂರನೆಯದನ್ನು ತಾವಾಗಿ ಬರೆಯುವ ವೈದ್ಯರು ಕಡಿಮೆ, ಕೇಳಿ ಬರೆಸಿಕೊಳ್ಳಬೇಕು. ಹೊಸ ಔಷಧ ಶುರು ಮಾಡಿ ತಿಂಗಳೂ ಆಗದಿದ್ದರೆ ‘ಸ್ವಲ್ಪ ದಿನ ನೋಡೋಣ’ ಎಂದು ವಾಪಸ್ ಕಳಿಸುವುದುಂಟು. ಅದು ತಪ್ಪೂ ಅಲ್ಲ, ಚಿಕಿತ್ಸೆಯಿಂದ ಎಷ್ಟು ಚೇತರಿಕೆ ಆಗಬಹುದೋ ಅಷ್ಟು ಆದ ಮೇಲೆ ಅಳೆಯಬೇಕು.

ನಾಟಕ ಬೇಡ, ಧೈರ್ಯ ಪ್ರದರ್ಶನವಂತೂ ಬೇಡವೇ ಬೇಡ. ನಮ್ಮವರು ಡಾಕ್ಟರ ಮುಂದೆ ಮರ್ಯಾದೆಗೆ ಅಂತ ನೆಟ್ಟಗೆ ನಿಂತು, ಕೋಲನ್ನು ಬಾಗಿಲ ಹೊರಗೆ ಬಿಟ್ಟು ಬರುತ್ತಾರೆ. ಮನೆಯಲ್ಲಿ ಕೋಲು ಹಿಡಿಯುವವರು ಅಲ್ಲೂ ಹಿಡಿಯಲಿ. ಕೀಲು ಬಿಗಿತ ಬೆಳಗ್ಗೆ ಹೆಚ್ಚು, ಹೊತ್ತೇರಿದಂತೆ ಸಡಿಲವಾಗುತ್ತದೆ. ಮಧ್ಯಾಹ್ನ ನೋಡಿದ ವೈದ್ಯರಿಗೆ ನಿಮ್ಮ ಬೆಳಗ್ಗೆ ಕಾಣುವುದಿಲ್ಲ. ಅದಕ್ಕೆ ನಾನು ಹಿಂದಿನ 30 ದಿನ ಒಂದು ನೋಟ್‌ಬುಕ್ಕಿನಲ್ಲಿ ಮೂರೇ ಕಾಲಂ ಬರೆದಿಟ್ಟೆ: ಎದ್ದ ಮೇಲೆ ಎಷ್ಟು ನಿಮಿಷ ಬಿಗಿತ, ನಿಲ್ಲದೆ ನಡೆದ ದೂರ, ಆ ದಿನ ಬೇರೆಯವರು ಮಾಡಿಕೊಟ್ಟ ಕೆಲಸ. ಪ್ರಶ್ನೆ ಬಂದಾಗ ‘ಆಗಾಗ ಆಗುತ್ತೆ’ ಎನ್ನುವ ಬದಲು ಪುಟ ತಿರುಗಿಸಿದರೆ ಸಾಕು.

ಲೆಕ್ಕದ ಒಂದು ಮರ್ಮ ತಿಳಿದಿರಲಿ. ಕಾಲಿಗೆ 28, ಕೈಗೆ 15 ಬಂದರೆ 43 ಆಯಿತು ಎಂದು ಖುಷಿಪಡಬೇಡಿ. ಎರಡನ್ನೂ ನೇರವಾಗಿ ಕೂಡುವುದಿಲ್ಲ. 90ರಿಂದ ದೊಡ್ಡ ಸಂಖ್ಯೆಯನ್ನು ಕಳೆದು, ಉಳಿದದ್ದನ್ನು ಚಿಕ್ಕದರಿಂದ ಗುಣಿಸಿ, 90ರಿಂದ ಭಾಗಿಸಿ, ಬಂದದ್ದನ್ನು ದೊಡ್ಡದಕ್ಕೆ ಸೇರಿಸಬೇಕು. 62ನ್ನು 15ರಿಂದ ಗುಣಿಸಿ 90ರಿಂದ ಭಾಗಿಸಿದರೆ 10.3, ಒಟ್ಟು 38.3. ಹೆಚ್ಚಿನ ಸವಲತ್ತು ಶುರುವಾಗುವ ನಲವತ್ತು ಮುಟ್ಟಲಿಲ್ಲ. ಅದೇ 30 ಮತ್ತು 15 ಆಗಿದ್ದರೆ ಸರಿಯಾಗಿ 40. ಕಾಲು ಮಾತ್ರ ತೋರಿಸಿ, ಮುಷ್ಟಿ ಹಿಡಿಯಲಾಗದ ಬೆರಳನ್ನು ‘ಅದೇನು ಬಿಡಿ’ ಎಂದು ಮುಚ್ಚಿಡುವವರು ಹೀಗೆಯೇ ಎರಡು ಅಂಕಕ್ಕೆ ಕಳೆದುಕೊಳ್ಳುತ್ತಾರೆ. ಬಾಗದ ಪ್ರತಿ ಕೀಲನ್ನೂ ಹೇಳಿ.

40ಕ್ಕಿಂತ ಕೆಳಗೆ ಬಿಳಿ ಪಟ್ಟಿಯ ಕಾರ್ಡ್, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲೆ ನೀಲಿ. ಹೆಚ್ಚಿನ ಸವಲತ್ತು ಹಳದಿಯಿಂದಲೇ ಶುರು. ಈ ಕಾಯ್ದೆಯ ನಿಯಮಗಳಿಗೆ 2024ರ ಅಕ್ಟೋಬರ್‌ನಲ್ಲಿ ಆದ ತಿದ್ದುಪಡಿಯ ಪ್ರಕಾರ ಪ್ರಮಾಣಪತ್ರ ಕೊಡಲು ಮೂರು ತಿಂಗಳ ಗಡುವು. ಶೇಕಡಾವಾರು ಒಪ್ಪಿಗೆಯಾಗದಿದ್ದರೆ ತೀರ್ಮಾನದ ದಿನದಿಂದ 90 ದಿನದೊಳಗೆ ಮೇಲ್ಮನವಿ ಹಾಕಬಹುದು. ಮೇಲ್ಮನವಿಗೆ ಹೋಗುವಾಗ ಅದೇ ಹಳೆ ಫೈಲು ಒಯ್ಯಬೇಡಿ, ಯಾವ ಕೀಲನ್ನು ಅಳೆದಿಲ್ಲ ಎಂದು ಬರೆದು ಕೊಡಿ.

ಇನ್ನು ಪಾರ್ಕಿಂಗ್. ಎಲ್ಲರಿಗೂ ಸುಗಮವಾದ ಕಟ್ಟಡಗಳಿಗೆಂದು ಕೇಂದ್ರ ಸರ್ಕಾರದ ಮಾರ್ಗಸೂಚಿ ಇದೆ. ಅದರಲ್ಲಿ ಮುಖ್ಯ ಬಾಗಿಲಿನಿಂದ 30 ಮೀಟರ್ ಒಳಗೆ ಕನಿಷ್ಠ ಎರಡು ಕಾರಿನ ಜಾಗ, ಒಂದೊಂದೂ 3.6 ಮೀಟರ್ ಅಗಲ ಎಂದಿದೆ. ಅಷ್ಟು ಅಗಲ ಯಾಕೆ? ಸೊಂಟದ ಕೀಲು ಬಾಗದವರು ಕಾರಿನಿಂದ ಇಳಿಯುವುದನ್ನು ನೋಡಿ. ಒಂದು ಕಾಲು ಮೊದಲು, ಇನ್ನೊಂದು ಆಮೇಲೆ ಎಂದು ಇಳಿಯಲಾಗದು. ಸೀಟಿನಲ್ಲೇ ಇಡೀ ಮೈ ತಿರುಗಿಸಿ, ಎರಡೂ ಪಾದ ಒಟ್ಟಿಗೆ ಹೊರಗಿಟ್ಟು, ಬಾಗಿಲ ಚೌಕಟ್ಟು ಹಿಡಿದು ಏಳಬೇಕು. ಅದಕ್ಕೆ ಬಾಗಿಲು ಪೂರ್ತಿ ತೆರೆಯಬೇಕು. ಪಕ್ಕದ ಗಾಡಿ ಒಂದು ಮೊಳ ದೂರದಲ್ಲಿ ನಿಂತಿದ್ದರೆ ಒಳಗೇ ಕೂತಿರಬೇಕಾಗುತ್ತದೆ. ಮಂಡಿಪೇಟೆಯಂಥ ಕಡೆ ಈ ಅಳತೆಯ ಮಾತೇ ಎತ್ತುವಂತಿಲ್ಲ. ಅಲ್ಲಿ ಬಾಗಿಲ ಮುಂದೆ ಇಳಿಸಿ ಗಾಡಿ ಮುಂದಕ್ಕೆ ಒಯ್ಯುವುದೇ ವಾಸಿ.

ಗೇಟಿನಲ್ಲಿ ಕೇಳುವ ಮಾತು ಎಲ್ಲ ಕಡೆ ಒಂದೇ: ‘ನೋಡೋಕೆ ಚೆನ್ನಾಗೇ ಇದೀರಲ್ಲ ಸಾರ್.’ ವಾದ ಮಾಡಿ ಪ್ರಯೋಜನವಿಲ್ಲ. ‘ಅಣ್ಣಾ, ಕಾರ್ಡ್ ಇದೆ ನೋಡಿ, ಮಂಡಿ ಬಾಗಲ್ಲ’ ಎಂದು ಮೂಲ ಕಾರ್ಡ್ ಕೈಗೆ ಕೊಟ್ಟರೆ ಹತ್ತರಲ್ಲಿ ಎಂಟು ಸಲ ಚೈನು ಬಿಚ್ಚುತ್ತಾರೆ. ಡ್ಯಾಶ್‌ಬೋರ್ಡಿನ ಮೇಲೆ ಇಡುವುದು ಹುಟ್ಟಿದ ದಿನ, ವಿಳಾಸ ಮುಚ್ಚಿದ ಜೆರಾಕ್ಸ್ ಪ್ರತಿ. ಗಾಲಿಕುರ್ಚಿ ಸ್ಟಿಕ್ಕರನ್ನು ಯಾರು ಬೇಕಾದರೂ ಕೊಂಡು ಅಂಟಿಸಬಹುದು, ಅದಕ್ಕೆ ಅಧಿಕಾರವೇನೂ ಇಲ್ಲ. ಜಾಗವಿದ್ದೂ ಜನರೇಟರ್ ಇಟ್ಟಿದ್ದರೆ, ಬೈಕು ತುಂಬಿದ್ದರೆ, ಟೇಪು ಹಿಡಿದು ಬಾಗಿಲಿನಿಂದ ದೂರ ಅಳೆದು, ಫೋಟೊ ಸಮೇತ ಮ್ಯಾನೇಜರಿಗೆ ಕನ್ನಡದಲ್ಲೇ ಅರ್ಜಿ ಬರೆದು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬಸ್ ನಿಲ್ದಾಣ, ರೈಲು ನಿಲ್ದಾಣದ ವಿಷಯವಾದರೆ ಅಂಗವಿಕಲರ ಹಕ್ಕುಗಳ ಕಾಯ್ದೆಯ 41ನೇ ಕಲಮು ಪಾರ್ಕಿಂಗ್ ಜಾಗವನ್ನು ಹೆಸರಿಸಿಯೇ ಹೇಳುತ್ತದೆ, ಅದನ್ನು ಬರೆಯಿರಿ. ಬಾಯಿಮಾತಿನ ದೂರು ಕಾವಲುಗಾರನ ಪಾಳಿ ಮುಗಿದೊಡನೆ ಮುಗಿಯುತ್ತದೆ.

ಕಾರ್ಡ್ ವ್ಯಕ್ತಿಯದು, ಗಾಡಿಯದಲ್ಲ. ಮಗನ ಕಾರಿರಲಿ, ಬಾಡಿಗೆ ಕಾರಿರಲಿ, ಕಾರ್ಡಿನವರು ಒಳಗಿದ್ದರೆ ಆ ಜಾಗ ಬಳಸಬಹುದು. ಅಮ್ಮನ ಕಾರ್ಡ್ ಡ್ಯಾಶ್‌ಬೋರ್ಡಿನಲ್ಲಿಟ್ಟು ಮಗ ಒಬ್ಬನೇ ಸಿನಿಮಾಕ್ಕೆ ಹೋಗುವಂತಿಲ್ಲ. ಅಂಗವಿಕಲರಿಗೆ ಮೀಸಲಾದ ಸೌಲಭ್ಯವನ್ನು ಮೋಸದಿಂದ ಪಡೆದರೆ ಅದೇ ಕಾಯ್ದೆಯ 91ನೇ ಕಲಮಿನಡಿ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಗಾಡಿಯನ್ನು ಕಾರ್ಡಿನವರ ಹೆಸರಲ್ಲೇ ಹೊಸದಾಗಿ ನೋಂದಾಯಿಸುವುದಾದರೆ ಫಾರಂ 20ರಲ್ಲಿ ಮಾಲೀಕತ್ವದ ಬಗೆಗೆ ‘ದಿವ್ಯಾಂಗಜನ’ ಎಂಬ ಆಯ್ಕೆ 2020ರಿಂದ ಇದೆ. ಷೋರೂಮಿನವರು ಅಭ್ಯಾಸಬಲದಿಂದ ‘ವೈಯಕ್ತಿಕ’ ಎಂದು ಒತ್ತಿಬಿಡುತ್ತಾರೆ, ಸಹಿ ಹಾಕುವ ಮೊದಲು ಆ ಸಾಲು ನೋಡಿ.

ಕೀಲುವಾತಕ್ಕೆ ಎಷ್ಟೋ ಸಲ ಕಾಯಂ ಬದಲು ತಾತ್ಕಾಲಿಕ ಪ್ರಮಾಣಪತ್ರವೇ ಸಿಗುತ್ತದೆ, ಅದರಲ್ಲಿ ಕೊನೆಯ ದಿನಾಂಕ ಇರುತ್ತದೆ. ಅವಧಿ ಮೀರಿದರೆ ಮತ್ತೆ ಮಂಡಳಿ, ಮತ್ತೆ ಅಳತೆ. ಮೂರು ತಿಂಗಳ ಗಡುವನ್ನು ಹಿಂದಕ್ಕೆ ಎಣಿಸಿ, ಆ ತಿಂಗಳನ್ನು ಕಾರಿನ ವಿಮೆ ಮುಗಿಯುವ ದಿನಾಂಕದ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟಿದ್ದೇನೆ.