ಅಜ್ಜನ ಹೆಸರಿನಲ್ಲೇ ಉಳಿದಿದ್ದ ಖಾತೆ

ಅಪ್ಪಯ್ಯ ತೀರಿಕೊಂಡ ಮೇಲೆ ಶಿರಸಿ ಸಮೀಪದ ನಮ್ಮ ಹೆಂಚಿನ ಮನೆಯನ್ನು ಮಾರಲು ಹೊರಟಾಗ, ಪಂಚಾಯಿತಿಯ ಖಾತೆ ಇನ್ನೂ ಅಜ್ಜನ ಹೆಸರಿನಲ್ಲೇ ಇರುವುದು ತಿಳಿದು ವ್ಯವಹಾರ ನಿಂತಿತು. ಇಬ್ಬರ ಮರಣ ಪ್ರಮಾಣಪತ್ರಗಳನ್ನೂ ನಾಡಕಚೇರಿಯಿಂದ ಪಡೆದ ವಂಶವೃಕ್ಷವನ್ನೂ ಲಗತ್ತಿಸಿ, ಮದುವೆಯಾಗಿ ಹೋದ ಅತ್ತೆಯಂದಿರನ್ನೂ ಸೇರಿಸಿಕೊಂಡು, ಎಲ್ಲ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಂಡೆವು. ಅವರನ್ನು ಬಿಟ್ಟರೆ ಕೆಲಸ ಬೇಗ ಮುಗಿಯುತ್ತದೆಂದು ಸಲಹೆಯಿತ್ತವರೂ ಇದ್ದರು; ಆದರೆ ಮನೆ ಅಜ್ಜನ ಸ್ವಯಾರ್ಜಿತವಾಗಿದ್ದು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಮಗಳಿಗೂ ಮಗನಷ್ಟೇ ಪಾಲಿದೆ. ಗ್ರಾಮ ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆ ವ್ಯವಸ್ಥೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಎಂಬ ಆಸ್ತಿ ದಾಖಲೆಗಳು ಕೈಸೇರಿದ ಮೇಲಷ್ಟೇ ನೋಂದಣಿ ಸಾಧ್ಯವಾಯಿತು. ಮಳೆಗಾಲಕ್ಕೆ ಮುನ್ನ ಒಡೆದ ಹೆಂಚುಗಳನ್ನು ಬದಲಿಸಿದ್ದು ಎರಡು ದಿನದ ಕೆಲಸ. ಅಟ್ಟದ ಮೇಲಿದ್ದ ತಾಮ್ರದ ಹಂಡೆ ಯಾರಿಗೆ ಸೇರಬೇಕೆಂಬುದು ಮಾತ್ರ, ನಿಜ ಹೇಳಬೇಕೆಂದರೆ, ಖಾತೆಗಿಂತಲೂ ಹೆಚ್ಚು ಕಾಲ ಹಿಡಿಯಿತು.