ಗ್ರಾಫಿನ ಚುಕ್ಕೆ ಓಡಿಸಿದ ಮೇಲೆ

ಧಾರವಾಡದ ಒಂದು ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತೇನೆ. ಡೆರಿವೇಟಿವ್ (ಅಂದರೆ ಬದಲಾಗುವ ದರ) ತೆಗೆಯಲು ನಮ್ಮ ಹುಡುಗರಿಗೆ ಕಷ್ಟವೇ ಇಲ್ಲ. ಸೂತ್ರ ಬಾಯಿಪಾಠ, ಉತ್ತರ ಪಟ್ಟಂತ ಬರುತ್ತದೆ. ಆದರೆ ಚಲನೆಯ ಗ್ರಾಫ್ ಬರೆದು ಇದೇನು ಅಂತ ಕೇಳಿ ನೋಡಿ. "ಸರ್, ಗುಡ್ಡ ಏರಿ ಇಳದೈತ್ರಿ" ಅನ್ನುತ್ತಾರೆ. ಗ್ರಾಫನ್ನೇ ರಸ್ತೆ ಅಂದುಕೊಂಡಿರುತ್ತಾರೆ. ಧಾರವಾಡ ಬಿಟ್ಟು ಹುಬ್ಬಳ್ಳಿ ಕಡೆ ಹೊರಟ ಚಿಗರಿ ಬಸ್ ನವನಗರದಲ್ಲಿ ನಿಂತಾಗ, ಧಾರವಾಡದಿಂದ ಎಷ್ಟು ದೂರ ಅನ್ನುವ ಗ್ರಾಫ್ ಹೇಗಿರಬೇಕು ಅಂದರೆ, ಎಷ್ಟೋ ಮಂದಿ ಗೆರೆಯನ್ನು ಸೊನ್ನೆಗೆ ಇಳಿಸುತ್ತಾರೆ. ಅಂದರೆ ಬಸ್ ಕಣ್ಣು ಮುಚ್ಚಿ ತೆರೆಯುವುದರೊಳಗೆ ವಾಪಸ್ ಧಾರವಾಡಕ್ಕೆ!

ಅದಕ್ಕೇ ಗ್ರಾಫ್ ಓಡಿಸಿ ತೋರಿಸಲು ಶುರು ಮಾಡಿದೆ. ಗ್ರಾಫ್ ತೋರಿಸುವ ಕ್ಯಾಲ್ಕುಲೇಟರನ್ನು ಕ್ಯಾಸಿಯೊ 1985ರಲ್ಲೇ ಮಾರುಕಟ್ಟೆಗೆ ತಂದಿತ್ತು. ನಮ್ಮ ಕಡೆ ಅದನ್ನು ಕೈಯಲ್ಲಿ ಹಿಡಿದವರು ಕಡಿಮೆ. ನನಗೆ ಗ್ರಾಫ್ ಬರೆಯುವ ಸಾಫ್ಟ್‌ವೇರ್ ಡೆಸ್ಮಾಸ್ ಸಾಕು. ಪುಕ್ಕಟೆ, ಮೊಬೈಲಿನಲ್ಲೂ ಓಡುತ್ತದೆ. ನೆಟ್ ಕೈಕೊಡುವ ದಿನಕ್ಕೆ ಲ್ಯಾಪ್‌ಟಾಪಿನಲ್ಲಿ ಅಂಥದ್ದೇ ಇನ್ನೊಂದು, ಜಿಯೋಜಿಬ್ರಾ, ಹಾಕಿಟ್ಟಿದ್ದೇನೆ.

ನಾನು ಜಾಸ್ತಿ ಬಳಸುವುದು ಒಂದೇ ಲೆಕ್ಕ: ಎಸ್(ಎಕ್ಸ್) = ಎಕ್ಸ್³ − 6ಎಕ್ಸ್² + 9ಎಕ್ಸ್. ಎಕ್ಸ್ ಅಂದರೆ ಸಮಯ, ಎಸ್ ಅಂದರೆ ಕಣ ಇರುವ ಜಾಗ. ಆಮೇಲೆ 'ಎ' ಅಂತ ಒಂದು ಸ್ಲೈಡರ್ (ಜರುಗಿಸಿದರೆ ಬೆಲೆ ಬದಲಾಗುವ ಗುಂಡಿ), 0ಯಿಂದ 4ರವರೆಗೆ. ಇದೇ ನಮ್ಮ ಗಡಿಯಾರ. ಈಗ ಎರಡು ಚುಕ್ಕೆ ಇಡಬೇಕು. ಒಂದು (ಎ, ಎಸ್(ಎ)), ಇದು ಗ್ರಾಫಿನ ಮೇಲೆ ಹರಿಯುತ್ತದೆ. ಇನ್ನೊಂದು (−1, ಎಸ್(ಎ)), ಇದು ಎಡಗಡೆ ಒಂದೇ ನೆಟ್ಟ ಗೆರೆಯಲ್ಲಿ ಮೇಲೆ ಕೆಳಗೆ ಓಡಾಡುತ್ತದೆ. ನಿಜವಾದ ಚಲನೆ ಈ ಎಡಗಡೆಯದ್ದು. ಎರಡೂ ಚುಕ್ಕೆ ಯಾವಾಗಲೂ ಒಂದೇ ಎತ್ತರದಲ್ಲಿರುತ್ತವೆ. ಪ್ಲೇ ಒತ್ತಿದ ಮೇಲೆ ಗುಡ್ಡದ ಮಾತು ತಾನಾಗಿಯೇ ನಿಲ್ಲುತ್ತದೆ.

ಒಂದು ಎಚ್ಚರಿಕೆ. ಡೆಸ್ಮಾಸ್ ಸ್ಲೈಡರ್ ಮೊದಲಿಗೆ ಹೋಗಿ-ಬಂದು ಮಾಡುವ ಹಾಗೆ ಇರುತ್ತದೆ. 4 ಮುಟ್ಟಿ ಮತ್ತೆ 0ಗೆ ಇಳಿಯುತ್ತದೆ. ಅಂದರೆ ಕಾಲವೇ ಹಿಂದಕ್ಕೆ ಓಡಿದ ಹಾಗೆ. ಕಣ ತಿರುಗಿದ್ದು ಯಾವುದು, ಸಮಯ ತಿರುಗಿದ್ದು ಯಾವುದು ಅಂತ ಹುಡುಗರಿಗೆ ಗೊತ್ತಾಗುವುದಿಲ್ಲ. ಸೆಟಿಂಗಿನಲ್ಲಿ ಒಂದೇ ಸಲ ಓಡುವಂತೆ ಮಾಡಿಕೊಂಡೇ ಕ್ಲಾಸಿಗೆ ಹೋಗಿ. ಜಿಯೋಜಿಬ್ರಾದಲ್ಲೂ ಇದೇ ಕಥೆ.

ಎಡಗಡೆಯ ಚುಕ್ಕೆ 0ಯಿಂದ 4ಕ್ಕೆ ಏರುತ್ತದೆ, 0ಗೆ ಇಳಿಯುತ್ತದೆ, ಮತ್ತೆ 4ಕ್ಕೆ ಏರುತ್ತದೆ. ತಿರುಗುವುದು ಸಮಯ 1 ಮತ್ತು 3 ಆದಾಗ. ಡೆರಿವೇಟಿವ್ 3(ಎಕ್ಸ್−1)(ಎಕ್ಸ್−3) ಸೊನ್ನೆಯಾಗುವುದೂ ಅಲ್ಲಿಯೇ. ಓಡಿದ ದೂರ 12, ಸ್ಥಾನಪಲ್ಲಟ (ಹೊರಟ ಜಾಗಕ್ಕೂ ಮುಟ್ಟಿದ ಜಾಗಕ್ಕೂ ಇರುವ ಅಂತರ) 4. ಇದನ್ನು ನಾನು ಹೇಳುವುದೇ ಇಲ್ಲ, ಅವರೇ ಬೆರಳೆಣಿಸುತ್ತಾರೆ.

ನಿಜವಾದ ಜಗಳ ಮುಂದಿನದು. ಸಮಯ 1ರಿಂದ 2ರ ನಡುವೆ ವೆಲಾಸಿಟಿ (ದಿಕ್ಕಿನ ಚಿಹ್ನೆ ಸೇರಿದ ವೇಗ) 0ಯಿಂದ −3ಕ್ಕೆ ಇಳಿಯುತ್ತದೆ. ಹಾಗಾದರೆ ಸ್ಪೀಡ್, ಅಂದರೆ ಚಿಹ್ನೆ ಬಿಟ್ಟ ವೇಗ? "ಕಡಿಮಿ ಆತ್ರಿ" ಅಂತ ಇಡೀ ಕ್ಲಾಸು ಒಂದೇ ಉಸಿರಲ್ಲಿ ಹೇಳುತ್ತದೆ. ಆಗ ಡೆಸ್ಮಾಸಿನಲ್ಲಿ ಇನ್ನೊಂದು ಸಾಲು ಸೇರಿಸುತ್ತೇನೆ: 1ರಿಂದ 3ರವರೆಗೆ 0.2ರ ಅಂತರದಲ್ಲಿ ಸಮಯದ ಪಟ್ಟಿ, ಪ್ರತಿ ಸಮಯಕ್ಕೂ ಎಡಗಡೆ ಒಂದು ಚುಕ್ಕೆ. ಚುಕ್ಕೆಗಳು ಎರಡೂ ತುದಿಯಲ್ಲಿ ಒತ್ತೊತ್ತಾಗಿ, ನಡುವೆ ದೂರ ದೂರ ಬೀಳುತ್ತವೆ. ಮೊದಲ ಎರಡು ಚುಕ್ಕೆಗಳ ನಡುವೆ 0.112 ಮಾತ್ರ. ಸಮಯ 2ರ ಹತ್ತಿರ ಬಂದಾಗ 0.592. ಸಮಯ ಅಷ್ಟೇ, ಓಡಿದ್ದು ಐದು ಪಟ್ಟು. ಇನ್ನು ಸ್ಪೀಡ್ ಕಡಿಮೆ ಅನ್ನಲು ಬಾಯಿ ಬರುವುದಿಲ್ಲ. ವೆಲಾಸಿಟಿಗೂ ಆಕ್ಸಲರೇಷನ್‌ಗೂ (ವೆಲಾಸಿಟಿ ಬದಲಾಗುವ ದರ) ಒಂದೇ ಚಿಹ್ನೆ ಇದ್ದರೆ ಸ್ಪೀಡ್ ಏರುತ್ತದೆ ಅನ್ನುವ ನಿಯಮವನ್ನು ಆಮೇಲೆ ಬರೆಸುತ್ತೇನೆ. ಮೊದಲೇ ಬರೆಸಿದರೆ ಸುಮ್ನೆ ಇನ್ನೊಂದು ಬಾಯಿಪಾಠ.

ಪ್ಲೇ ಒತ್ತುವ ಮುಂಚೆ ಎಲ್ಲರೂ ನೋಟ್‌ಬುಕ್ಕಿನಲ್ಲಿ ತಮ್ಮ ಊಹೆ ಬರೆಯಬೇಕು. ಇಲ್ಲದಿದ್ದರೆ ಸಿನಿಮಾ ನೋಡಿದಂತೆ ನೋಡಿ ಎದ್ದು ಹೋಗುತ್ತಾರೆ. ಪರೀಕ್ಷೆಯಲ್ಲಿ ಕ್ಯಾಲ್ಕುಲೇಟರ್ ಇರುವುದಿಲ್ಲ, ಹಾಗಾಗಿ ಕೊನೆಯ ಹತ್ತು ನಿಮಿಷ ಪ್ರೊಜೆಕ್ಟರ್ ಆರಿಸಿ ಹೊಸ ಸೂತ್ರ ಕೊಡುತ್ತೇನೆ. ಡೆರಿವೇಟಿವ್ ಎಲ್ಲಿ ಪ್ಲಸ್, ಎಲ್ಲಿ ಮೈನಸ್ ಅನ್ನುವ ಚಿಹ್ನೆಯ ಪಟ್ಟಿ ಮಾಡಿ, ಕಣ ಎಲ್ಲಿ ತಿರುಗುತ್ತದೆ ಅಂತ ಅವರೇ ಕೈಯಿಂದ ಬರೆಯಬೇಕು.